ಹಾರ ಹಾಕಿದರೆ ಮರಳಿ ಬಂದಂತಾಯಿತೆ?

2024ರ ಅಕ್ಟೋಬರ್ ಎರಡನೆಯ ವಾರದಲ್ಲಿ ವಿಜಯಪುರದಲ್ಲಿ ನಡೆದ ಒಂದು ಸ್ವಾಗತ ಕಾರ್ಯಕ್ರಮವನ್ನು ರಾಜ್ಯದ ಜನ ಪತ್ರಿಕೆಗಳಲ್ಲಿ ಓದಿ ಮರೆತಿರಬಹುದು. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ ಆರು ವರ್ಷ ಸೆರೆಯಲ್ಲಿದ್ದು, ಬೆಂಗಳೂರಿನ ನ್ಯಾಯಾಲಯದಿಂದ ಜಾಮೀನು ಪಡೆದು ಜಿಲ್ಲೆಗೆ ಹಿಂದಿರುಗಿದ ಇಬ್ಬರು ಆರೋಪಿಗಳನ್ನು ಕೆಲವು ಸಂಘಟನೆಗಳ ಕಾರ್ಯಕರ್ತರು ಹಾರ ಹಾಕಿ, ಕೇಸರಿ ಶಾಲು ಹೊದಿಸಿ, ಘೋಷಣೆ ಕೂಗಿ ಬರಮಾಡಿಕೊಂಡರು. ಅವರನ್ನು ಶಿವಾಜಿ ಪ್ರತಿಮೆಯ ಬಳಿಗೆ, ಅಲ್ಲಿಂದ ದೇವಸ್ಥಾನಕ್ಕೆ ಕರೆದೊಯ್ಯಲಾಯಿತು. ಇಬ್ಬರಲ್ಲಿ ಒಬ್ಬ ಸಿಂದಗಿಯವನು. ಅವರ ಮೇಲಿನ ಆರೋಪ ಅಂದು ಸಾಬೀತಾಗಿರಲಿಲ್ಲ, ಸುಳ್ಳೆಂದೂ ತೀರ್ಮಾನವಾಗಿರಲಿಲ್ಲ.

ಜಾಮೀನು ದೊರೆತದ್ದರ ಬಗ್ಗೆ ನನ್ನ ತಕರಾರಿಲ್ಲ. 2017ರ ಸೆಪ್ಟೆಂಬರ್ 5ರಂದು ನಡೆದ ಕೊಲೆಯ ವಿಚಾರಣೆ ಆರಂಭವಾದದ್ದು 2022ರ ಜುಲೈನಲ್ಲಿ. ವಿಚಾರಣೆಯನ್ನು ಹೀಗೆ ಎಳೆಯುತ್ತ ಆರೋಪಿಗಳನ್ನು ಅನಿರ್ದಿಷ್ಟ ಕಾಲ ಸೆರೆಯಲ್ಲಿಡುವುದನ್ನು ನಮ್ಮ ಸಂವಿಧಾನ ಒಪ್ಪುವುದಿಲ್ಲ. 2025ರ ಜನವರಿ ವೇಳೆಗೆ ಈ ಪ್ರಕರಣದಲ್ಲಿ ಬಂಧಿತರಾಗಿದ್ದ ಎಲ್ಲರಿಗೂ ಜಾಮೀನು ದೊರೆತಿತ್ತು. ಅದು ಕಾನೂನಿನ ಮಾತು. ನಾನು ಇಲ್ಲಿ ಚರ್ಚಿಸಬಯಸುವ ಪ್ರಶ್ನೆ ಬೇರೆ. ಉಗ್ರ ಕೃತ್ಯದ ಆರೋಪ ಹೊತ್ತು ಹೋದವನೊಬ್ಬ ತನ್ನ ಊರಿಗೆ ಮರಳಿದಾಗ ಆತನನ್ನು ಎದುರುಗೊಳ್ಳಬೇಕಾದವರು ಯಾರು? ಯಾವ ಷರತ್ತಿನ ಮೇಲೆ? ಅಂದು ಹಾರ ಹಿಡಿದು ನಿಂತವರಿಗೆ ಈ ಪ್ರಶ್ನೆಗೆ ಸಿದ್ಧ ಉತ್ತರವಿತ್ತು. ಸರ್ಕಾರದ ಬಳಿಯಾಗಲಿ, ನಮ್ಮಂಥ ಸಾಮಾನ್ಯ ನಾಗರಿಕರ ಬಳಿಯಾಗಲಿ ಉತ್ತರವಿರಲಿಲ್ಲ.

ವಿಚಿತ್ರವೆಂದರೆ, ಇಂಥ ಉತ್ತರವನ್ನು ಕರ್ನಾಟಕ ಬೇರೊಂದು ಸಂದರ್ಭದಲ್ಲಿ ಕಂಡುಕೊಂಡಿದೆ. ಮಲೆನಾಡಿನ ನಕ್ಸಲ್ ಚಳವಳಿಯ ಕಥೆ ಎಲ್ಲರಿಗೂ ಗೊತ್ತು. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಅನೇಕರ ಜೀವ ತೆಗೆದರು. ಈ ಕೊಲೆ–ಪ್ರತಿಕೊಲೆಯ ಸರಣಿಯನ್ನು ಮುರಿಯಲು ಯತ್ನಿಸಿದವರು ಕೆಲವು ನಾಗರಿಕರು. 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಾಗ ಅದರ ಹಿಂದೆ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ ಮತ್ತು ಗೌರಿ ಲಂಕೇಶ್ ಅವರ ಪರಿಶ್ರಮವಿತ್ತು. ಅವರು ಶರಣಾದವರ ಸಿದ್ಧಾಂತವನ್ನು ಹೊಗಳಲಿಲ್ಲ, ಅವರ ಮೇಲಿನ ಮೊಕದ್ದಮೆಗಳನ್ನು ಅಲ್ಲಗಳೆಯಲೂ ಇಲ್ಲ. ಬಂದೂಕು ಕೆಳಗಿಡಿ, ಕಾನೂನನ್ನು ಎದುರಿಸಿ, ಆಮೇಲೆ ನಿಮ್ಮ ವಾದವನ್ನು ಜನರ ಮುಂದಿಡಿ ಎಂಬುದಷ್ಟೇ ಅವರ ನಿಲುವಾಗಿತ್ತು.

ಆ ದಾರಿ ಫಲ ಕೊಟ್ಟಿತು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ಅವರಲ್ಲಿ ಒಬ್ಬರು ನಮ್ಮ ನೆರೆಯ ರಾಯಚೂರು ಜಿಲ್ಲೆಯವರು. ಮಾತುಕತೆಗೆ ಸೇತುವೆಯಾದ ಶಾಂತಿಗಾಗಿ ನಾಗರಿಕರ ವೇದಿಕೆಯಲ್ಲಿ ಹಿಂದೊಮ್ಮೆ ತಾವೇ ಕಾಡಿನಿಂದ ಮರಳಿ ಬಂದವರೂ ಇದ್ದರು. ಮರಳಿ ಬಂದವನೇ ಇನ್ನೊಬ್ಬನನ್ನು ಕರೆತರಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಶರಣಾದವರು ನೇರ ಮನೆಗೆ ಹೋಗಲಿಲ್ಲ, ನ್ಯಾಯಾಂಗ ಬಂಧನಕ್ಕೆ ಹೋದರು. ಸರ್ಕಾರದ ಯೋಜನೆಯಂತೆ ಗರಿಷ್ಠ 7.5 ಲಕ್ಷ ರೂಪಾಯಿಗಳವರೆಗಿನ ನೆರವು ಕಂತುಗಳಲ್ಲಿ ದೊರೆಯುತ್ತದೆ. ಮೊಕದ್ದಮೆಗಳು ತಮ್ಮ ಪಾಡಿಗೆ ನಡೆಯುತ್ತವೆ. ಈ ನೀತಿಯಲ್ಲಿ ಲೋಪಗಳಿಲ್ಲವೆಂದಲ್ಲ. ಆದರೆ ನೀತಿ ಎಂಬುದೊಂದಿದೆ, ಸಮಿತಿ ಇದೆ, ಮಧ್ಯಸ್ಥರಿದ್ದಾರೆ, ಷರತ್ತುಗಳಿವೆ.

ಆ ನೀತಿ ಕಾಡಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಸಿಂದಗಿಯಂಥ ಬಯಲುಸೀಮೆಯ ಪಟ್ಟಣದಲ್ಲಿ ಮತದ ಹೆಸರಿನ ದ್ವೇಷಕ್ಕೆ ಸಿಕ್ಕಿದ ಹುಡುಗನಿಗೆ ಅದು ಅನ್ವಯಿಸುವುದಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಕೋಮು ಹಿಂಸೆಯನ್ನು ನಿಗ್ರಹಿಸಲು ಕರಾವಳಿಯ ಎರಡು ಜಿಲ್ಲೆ ಹಾಗೂ ಶಿವಮೊಗ್ಗಕ್ಕೆಂದು ವಿಶೇಷ ಕಾರ್ಯಪಡೆಯೊಂದನ್ನು ಸ್ಥಾಪಿಸಿತು. ಅದಕ್ಕೆ ಬೇಕಾದ 248 ಸಿಬ್ಬಂದಿಯನ್ನು ತೆಗೆದುಕೊಂಡದ್ದು ನಕ್ಸಲ್ ನಿಗ್ರಹ ಪಡೆಯಿಂದಲೇ. ಅಂದರೆ ಕಾಡಿನ ಅನುಭವದಲ್ಲಿ ಬಂದೂಕಿಗೆ ಸಂಬಂಧಿಸಿದ ಭಾಗ ಮಾತ್ರ ಊರಿಗೆ ವರ್ಗವಾಯಿತು. ಮಾತುಕತೆ, ಮಧ್ಯಸ್ಥಿಕೆ, ಪುನರ್ವಸತಿಗೆ ಸಂಬಂಧಿಸಿದ ಭಾಗ ಅಲ್ಲಿಯೇ ಉಳಿಯಿತು.

ಸಿಂದಗಿಯ ಉದಾಹರಣೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. 2012ರ ಜನವರಿ 1ರಂದು ಅಲ್ಲಿನ ತಹಶೀಲ್ದಾರ್ ಕಚೇರಿಯ ಮುಂದೆ ಪಾಕಿಸ್ತಾನದ ಧ್ವಜ ಹಾರಾಡಿತು. ಪಟ್ಟಣ ಉದ್ವಿಗ್ನವಾಯಿತು, ಪ್ರತಿಭಟನೆಗಳಾದವು, ಸಂಶಯದ ಬೆರಳು ಸಹಜವೆಂಬಂತೆ ಮುಸ್ಲಿಮರ ಕಡೆಗೆ ತಿರುಗಿತು. ಕೆಲವೇ ದಿನಗಳಲ್ಲಿ ಪೊಲೀಸರು ಆರು ಮಂದಿ ಸ್ಥಳೀಯ ಹಿಂದೂ ಯುವಕರನ್ನು, ಕೋಮುಗಲಭೆ ಎಬ್ಬಿಸಲೆಂದೇ ಧ್ವಜ ಹಾರಿಸಿದರು ಎಂಬ ಆರೋಪದ ಮೇಲೆ ಬಂಧಿಸಿದರು. ಆ ಮೊಕದ್ದಮೆಯ ಸರಿತಪ್ಪನ್ನು ಹೇಳಬೇಕಾದದ್ದು ನ್ಯಾಯಾಲಯ, ನಾನಲ್ಲ. ನನ್ನ ಗಮನ ಹೋಗುವುದು ಇನ್ನೊಂದು ಸಂಗತಿಯ ಕಡೆಗೆ. ಆ ಆರು ಮಂದಿಯಲ್ಲಿ ಒಬ್ಬನ ಹೆಸರು 2018ರ ಜೂನ್‌ನಲ್ಲಿ ಗೌರಿ ಹತ್ಯೆಯ ತನಿಖೆಯಲ್ಲಿ ಮತ್ತೆ ಕೇಳಿಬಂತು. ನಡುವಿನ ಆರು ವರ್ಷಗಳಲ್ಲಿ ಆ ಯುವಕರ ಬದುಕಿನೊಳಗೆ ಪ್ರವೇಶಿಸಲು ಪೊಲೀಸ್ ಠಾಣೆ, ಕೋರ್ಟು ಮತ್ತು ಸಂಘಟನೆಗಳನ್ನು ಬಿಟ್ಟು ನಾಲ್ಕನೆಯ ಬಾಗಿಲೊಂದು ಇತ್ತೆ? ಸರ್ಕಾರದ ಬಳಿ ಅಂಥ ಒಂದು ಕಾರ್ಯಕ್ರಮವೂ ಇರಲಿಲ್ಲ. ಠಾಣೆಗೆ ಬೇಕಾದದ್ದು ರೌಡಿ ಪಟ್ಟಿಯ ಒಂದು ಹೆಸರು. ಕೋರ್ಟಿಗೆ ಬೇಕಾದದ್ದು ಹಾಜರಿ. ಹುಡುಗನೇ ಬೇಕು ಎನ್ನುವವರು ಸಂಘಟನೆಯವರು ಮಾತ್ರ.

ಉಗ್ರವಾದ ಬೆಳೆಯುವ ಬಗೆಯನ್ನು ನಾವು ತಪ್ಪಾಗಿ ಊಹಿಸಿಕೊಂಡಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಯಾರೋ ಬಂದು ಒಂದೇ ರಾತ್ರಿಯಲ್ಲಿ ತಲೆ ಕೆಡಿಸಿ ಕೈಗೆ ಪಿಸ್ತೂಲು ಕೊಡುವುದಿಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟ, ಸಣ್ಣಪುಟ್ಟ ಅಂಗಡಿಯಲ್ಲಿ ದುಡಿಯುವ, ಊರಲ್ಲಿ ಯಾರ ಲೆಕ್ಕಕ್ಕೂ ಇಲ್ಲದ ಹುಡುಗನಿಗೆ ಮೊದಲು ಸಿಗುವುದು ಒಂದು ಸಭೆಯಲ್ಲಿ ಕುರ್ಚಿ, ನಂತರ ಒಂದು ಜವಾಬ್ದಾರಿ. ಮೊದಲ ಕೇಸು ಬಿದ್ದಾಗ ಸಂಬಂಧಿಕರು ದೂರವಾಗುತ್ತಾರೆ, ಕೆಲಸ ಕೊಟ್ಟ ಮಾಲೀಕ ಹಿಂಜರಿಯುತ್ತಾನೆ. ವಕೀಲರನ್ನು ಹಿಡಿಯುವವರು, ಜಾಮೀನಿಗೆ ಓಡಾಡುವವರು, ಮನೆಗೆ ದಿನಸಿ ಕಳಿಸುವವರು ಅವನನ್ನು ಆ ಕೇಸಿನವರೆಗೆ ತಂದವರೇ ಆಗಿರುತ್ತಾರೆ. ಮೊದಲ ಕೇಸೇ ಅವನನ್ನು ಸಂಪೂರ್ಣವಾಗಿ ಅವರ ಕೈಗೊಪ್ಪಿಸುತ್ತದೆ. ಹುಡುಗನ ಮತ ಯಾವುದಾದರೂ ಈ ಕ್ರಮ ಬದಲಾಗುವುದಿಲ್ಲ. ತಡೆಯುವುದಾದರೆ ತಡೆಯಬೇಕಾದದ್ದು ಈ ಹಂತದಲ್ಲಿ.

ಮರಳುವ ದಾರಿಯನ್ನು ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇದೇ ಜಿಲ್ಲೆಯ ಇಂಡಿ ಸೀಮೆ ಬಹಳ ಕಾಲದಿಂದ ತೋರಿಸುತ್ತ ಬಂದಿದೆ. ಭೀಮಾ ತೀರದ ವೈರ ಸಿದ್ಧಾಂತದ್ದಲ್ಲ. ಅದು ಮನೆತನಗಳ, ಜಮೀನಿನ, ಪ್ರತಿಷ್ಠೆಯ ಜಗಳ. ಆದ್ದರಿಂದ ಅದನ್ನು ಉಗ್ರವಾದದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅದರಿಂದ ಕಲಿಯುವುದಿದೆ. 2017ರ ಆಗಸ್ಟ್‌ನಲ್ಲಿ ವಿಜಯಪುರದ ನ್ಯಾಯಾಲಯದ ಆವರಣದಲ್ಲಿಯೇ ಭಾಗಪ್ಪ ಹರಿಜನನ ಮೇಲೆ ಗುಂಡು ಹಾರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಡಿ ತಾಲ್ಲೂಕಿನ ಕೊಂಕಣಗಾಂವದಲ್ಲಿ ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಸತ್ತ. ಅವನ ತಮ್ಮನನ್ನು ಎದುರಾಳಿಗಳ ಕೈಗೊಪ್ಪಿಸಿ ಕೊಲ್ಲಿಸಿದ ಆರೋಪದ ಮೇಲೆ ಮರುವರ್ಷ ಪೊಲೀಸರೇ ಬಂಧನಕ್ಕೊಳಗಾದರು. 2020ರ ನವೆಂಬರ್‌ನಲ್ಲಿ ಎದುರಾಳಿ ಬಣದ ಮುಖ್ಯಸ್ಥನ ವಾಹನಗಳ ಮೇಲೆ ದಾಳಿ ನಡೆದು ಇಬ್ಬರು ಸತ್ತರು. 2017ರ ಗುಂಡೇಟಿನಿಂದ ಬದುಕಿ ಉಳಿದಿದ್ದ ಭಾಗಪ್ಪನೂ 2025ರ ಫೆಬ್ರುವರಿ 11ರಂದು ವಿಜಯಪುರದಲ್ಲಿ ಕೊಲೆಯಾದ. ಎನ್‌ಕೌಂಟರ್, ಬಂಧನ, ಗಡೀಪಾರು, ಜಾಮೀನು ಇವೆಲ್ಲ ಆದರೂ ಎರಡು ಬಣಗಳ ನಡುವೆ ಕುಳಿತು ಮಾತಾಡಿಸುವ ವ್ಯವಸ್ಥೆ ನೆಲೆಯೂರಲಿಲ್ಲ. ಈ ನಡುವೆ ಹಂತಕರ ಕಥೆ ಪುಸ್ತಕವಾಯಿತು, 2012ರಲ್ಲಿ ಸಿನಿಮಾ ಆಯಿತು. ನಿಂಬೆಹಣ್ಣಿಗೆ ಹೆಸರಾದ ಇಂಡಿಯನ್ನು ಹೊರಗಿನವರು ಪಿಸ್ತೂಲಿನ ಊರೆಂದು ಗುರುತಿಸುವಂತಾಯಿತು. ಸೆರೆಮನೆಯಿಂದ ಹೊರಬಂದವನನ್ನು ಅವನ ಬಣವೇ ಬರಮಾಡಿಕೊಂಡರೆ ಅವನು ಮರಳಿ ಹೋಗುವುದು ಆ ಬಣಕ್ಕೇ ಹೊರತು ಊರಿಗಲ್ಲ.

ನಮ್ಮ ಜಿಲ್ಲೆಯ ಜನರಿಗೆ 'ಪುನರ್ವಸತಿ' ಹೊಸ ಶಬ್ದವಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಡೆಯಾದ ಹಳ್ಳಿಗಳಿಂದಾಗಿ ಕೃಷ್ಣಾ ತೀರದ ಮನೆಮನೆಯಲ್ಲೂ ಅದು ಬಳಕೆಯ ಮಾತು. ಪರಿಹಾರದ ಹಣ ಕೈಗೆ ಬಂದ ಮಾತ್ರಕ್ಕೆ ಬದುಕು ನೆಲೆಗೊಳ್ಳುವುದಿಲ್ಲ. ಹೊಸ ಊರಿನಲ್ಲಿ ನೆರೆಹೊರೆ, ದುಡಿಮೆ, ಗುಡಿ–ಶಾಲೆ ಎಲ್ಲವೂ ಕೂಡಿಬಂದಾಗ ಮಾತ್ರ ಅದು ವಸತಿಯಾಗುತ್ತದೆ ಎಂಬುದನ್ನು ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಸಂತ್ರಸ್ತರು ಅನುಭವದಿಂದ ಬಲ್ಲರು. ಹಿಂಸೆಯ ಹಾದಿ ಬಿಟ್ಟು ಬರುವವನಿಗೂ ಇದೇ ಮಾತು ಸಲ್ಲುತ್ತದೆ. ಅವನಿಗೆ ಹಾರವೂ ಬೇಕಿಲ್ಲ, ಬಹಿಷ್ಕಾರವೂ ಬೇಕಿಲ್ಲ. ಬೇಕಾದದ್ದು ಹಳೆಯ ಬಳಗದ ಹೊರಗೆ ನಾಲ್ಕು ಮಂದಿ ಪರಿಚಯಸ್ಥರು ಮತ್ತು ಒಂದು ಕೆಲಸ.

ಜಗತ್ತಿನ ಬೇರೆಡೆ ಇಂಥ ಪ್ರಯತ್ನಗಳು ನಡೆದಿವೆ. ಜರ್ಮನಿಯಲ್ಲಿ 2000ದಲ್ಲಿ ಆರಂಭವಾದ 'ಎಕ್ಸಿಟ್' ಎಂಬ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಮಾಜಿ ಪೊಲೀಸ್ ಅಧಿಕಾರಿ, ಇನ್ನೊಬ್ಬರು ಮಾಜಿ ನವನಾಜಿ. ಜನಾಂಗದ್ವೇಷದ ಗುಂಪುಗಳಿಂದ ಹೊರಬರಲು ಬಯಸುವವರಿಗೆ ಅದು ರಕ್ಷಣೆ, ಆಪ್ತಸಲಹೆ ಮತ್ತು ಕೆಲಸದ ದಾರಿ ತೋರಿಸಿತು. ಡೆನ್ಮಾರ್ಕ್‌ನ ಆರ್ಹುಸ್ ನಗರದಲ್ಲಿ ಪೊಲೀಸರು, ನಗರಸಭೆ, ಶಾಲೆಗಳು ಕೂಡಿ ಬಲಪಂಥೀಯ ಉಗ್ರರಿಗೂ ಸಿರಿಯಾದ ಯುದ್ಧಕ್ಕೆ ಹೋಗಿ ಮರಳಿದ ಮುಸ್ಲಿಂ ಯುವಕರಿಗೂ ಒಂದೇ ಬಗೆಯ ವ್ಯವಸ್ಥೆ ಮಾಡಿದರು. ಅಪರಾಧದ ಸಾಕ್ಷ್ಯವಿದ್ದವರ ಮೇಲೆ ಮೊಕದ್ದಮೆ, ಉಳಿದವರಿಗೆ ಒಬ್ಬ ಹಿರಿಯ ಮಾರ್ಗದರ್ಶಕ. ಒಂದೇ ವ್ಯವಸ್ಥೆಯನ್ನು ಎರಡೂ ಕಡೆಯವರಿಗೆ ಅನ್ವಯಿಸಿದ್ದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಏಕೆಂದರೆ ನಮ್ಮಲ್ಲಿ 'ಉಗ್ರವಾದ' ಎಂದೊಡನೆ ಒಂದೇ ಸಮುದಾಯದ ಚಿತ್ರ ಕಣ್ಮುಂದೆ ಬರುವಂತೆ ರೂಢಿಯಾಗಿದೆ. ಅದರ ಬೆಲೆ ತೆತ್ತವರು ಪಕ್ಕದ ಹುಬ್ಬಳ್ಳಿಯಲ್ಲಿದ್ದಾರೆ. ನಿಷೇಧಿತ ಸಿಮಿ ಸಂಘಟನೆಯ ನಂಟಿನ ಆರೋಪದ ಮೇಲೆ 2008ರಲ್ಲಿ ಬಂಧಿತರಾದ 17 ಮಂದಿಯನ್ನು, ಅವರಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಓದುತ್ತಿದ್ದವರೂ ಇದ್ದರು, ನ್ಯಾಯಾಲಯ 2015ರಲ್ಲಿ ಖುಲಾಸೆ ಮಾಡಿತು. ಏಳು ವರ್ಷ ಕಳೆದಿತ್ತು. ನಿರ್ದೋಷಿಗಳೆಂದು ಹೊರಬಂದವರಿಗೆ ನಕ್ಸಲರಿಗೆ ಸಿಗುವಷ್ಟು ಪುನರ್ವಸತಿಯ ಯೋಜನೆಯೂ ಇಲ್ಲ. ತಪ್ಪು ಮಾಡದವನನ್ನು ಅನುಮಾನದಿಂದ ಕಾಣುವುದೂ, ಕೊಲೆಯ ಆರೋಪ ಹೊತ್ತವನನ್ನು ಅಭಿಮಾನದಿಂದ ಮೆರೆಸುವುದೂ ಒಂದೇ ರೋಗದ ಎರಡು ಲಕ್ಷಣಗಳು. ಎರಡೂ ಕಡೆ ನಾವು ಕೃತ್ಯವನ್ನು ನೋಡುತ್ತಿಲ್ಲ, ಹೆಸರನ್ನು ನೋಡುತ್ತಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ನನ್ನ ಸಲಹೆಗಳು ದೊಡ್ಡವಲ್ಲ. ಹೊಸ ತಾಲ್ಲೂಕುಗಳು ಒಡೆದು ಬಂದಿದ್ದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ಕೇಂದ್ರಗಳಲ್ಲಿ ನ್ಯಾಯಾಲಯಗಳಿವೆ, ಕಾನೂನು ಸೇವಾ ಸಮಿತಿಗಳಿವೆ, ಕಾಲೇಜುಗಳಿವೆ. ದ್ವೇಷಕ್ಕೆ ಸಂಬಂಧಿಸಿದ ಮೊದಲ ಕೇಸಿನಲ್ಲಿ ಸಿಕ್ಕಿದ ಯುವಕನ ಬಳಿಗೆ, ಅವನು ಯಾವ ಮತದವನೇ ಆಗಿರಲಿ, ಕಾನೂನು ಸೇವಾ ಸಮಿತಿಯ ವಕೀಲ ಸಂಘಟನೆಯ ವಕೀಲನಿಗಿಂತ ಮೊದಲು ತಲುಪುವಂತಾಗಬೇಕು. ಅದರ ಜೊತೆಗೆ ನಿವೃತ್ತ ಶಿಕ್ಷಕರು, ಮಠ–ಮಸೀದಿಗಳ ವಿವೇಕಿಗಳು, ಆಪ್ತಸಲಹೆಗಾರರಿರುವ ಸಣ್ಣ ಸಮಿತಿಯೊಂದು ಅವನ ಮನೆಯವರ ಸಂಪರ್ಕದಲ್ಲಿರಬೇಕು. ಇದು ಪೊಲೀಸರ ಕಣ್ಗಾವಲಿನ ಇನ್ನೊಂದು ರೂಪವಾಗಬಾರದು. ಸಮಿತಿಯ ಮುಂದೆ ಆಡಿದ ಮಾತು ಠಾಣೆಯ ಕಡತ ಸೇರಿದರೆ ಎರಡನೆಯ ದಿನ ಯಾರೂ ಬರುವುದಿಲ್ಲ. ಮೂರನೆಯದಾಗಿ, ರಾಜಕೀಯ ಪಕ್ಷಗಳು ವಿಚಾರಣೆಯಲ್ಲಿರುವ ಕೊಲೆ ಆರೋಪಿಗಳ ಸನ್ಮಾನದಲ್ಲಿ ತಮ್ಮವರು ಪಾಲ್ಗೊಳ್ಳುವುದಿಲ್ಲವೆಂದು ಬಹಿರಂಗವಾಗಿ ಹೇಳಬೇಕು.

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ನಾನು ಬಲ್ಲೆ. ಆರೋಪ ಸಾಬೀತಾಗದವನಿಂದ ಪಶ್ಚಾತ್ತಾಪ ಕೇಳುವುದು ಹೇಗೆ ಎಂಬುದು ಮೊದಲನೆಯದು. ನ್ಯಾಯವಾದ ಪ್ರಶ್ನೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಆದ್ದರಿಂದ ಕೇಳಬೇಕಾದದ್ದು ಹಿಂದಿನ ಕೃತ್ಯದ ತಪ್ಪೊಪ್ಪಿಗೆಯನ್ನಲ್ಲ, ಮುಂದಿನ ನಡತೆಯ ಮಾತನ್ನು. ಭಿನ್ನಮತಕ್ಕೆ ಕೊಲೆ ಉತ್ತರವಲ್ಲ ಎಂದು ಬಹಿರಂಗವಾಗಿ ಹೇಳಲು ನಿರ್ದೋಷಿಗೂ ಅಡ್ಡಿಯಿಲ್ಲ, ದೋಷಿಗೂ ಅಡ್ಡಿಯಿಲ್ಲ. ವಿಜಯಪುರದ ಸ್ವಾಗತದಲ್ಲಿ ಆ ಒಂದು ಮಾತು ಬಂದಿದ್ದರೆ ಹಾರಗಳ ಅರ್ಥವೇ ಬದಲಾಗುತ್ತಿತ್ತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕೊಂದವರಿಗೆ ಪುನರ್ವಸತಿ, ಸತ್ತವರ ಮನೆಯವರಿಗೇನು? ಸಿಂದಗಿ ತಾಲ್ಲೂಕು ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ಕೇಳಬಲ್ಲದು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಡಾ. ಎಂ.ಎಂ. ಕಲಬುರ್ಗಿ ಇದೇ ತಾಲ್ಲೂಕಿನ ಮಗ. ಅವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಆದರೂ ಪ್ರಕರಣ ವಿಶೇಷ ತನಿಖಾ ತಂಡಕ್ಕೆ ಹೋಗಲು ಅವರ ಪತ್ನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು, 2019ರ ಫೆಬ್ರುವರಿಯವರೆಗೆ ಕಾಯಬೇಕಾಯಿತು. ಪುನರ್ವಸತಿ ನ್ಯಾಯಕ್ಕೆ ಬದಲಿಯಲ್ಲ. ತೀರ್ಪು ಬೇಗ ಬರುವುದು ಸಂತ್ರಸ್ತರಿಗೆ ಎಷ್ಟು ಅಗತ್ಯವೋ ಆರೋಪಿಗಳಿಗೂ ಅಷ್ಟೇ ಅಗತ್ಯ. ತೀರ್ಪಿಲ್ಲದ ಮನುಷ್ಯ ದೋಷಿಯಾಗಿ ಶಿಕ್ಷೆ ಮುಗಿಸಿ ಬರಲಾರ, ನಿರ್ದೋಷಿಯಾಗಿ ತಲೆಯೆತ್ತಿಯೂ ಬರಲಾರ. ಇಂಥ ಪ್ರಕರಣಗಳಿಗೆ ದಿನವಹಿ ವಿಚಾರಣೆಯ ನ್ಯಾಯಾಲಯ ಬೇಕೆಂಬ ಬೇಡಿಕೆಯನ್ನು ಎರಡೂ ಕಡೆಯವರು ಕೂಡಿಯೇ ಮಂಡಿಸಬಹುದು.

ಕಲಬುರ್ಗಿಯವರ ಕೊನೆಯ ವರ್ಷಗಳ ಒಂದು ಕೆಲಸವನ್ನು ಇಲ್ಲಿ ನೆನೆಯಬೇಕು. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರದ ಮೂಲಕ ಆದಿಲ್‌ಶಾಹಿ ಕಾಲದ ಪರ್ಶಿಯನ್ ಮತ್ತು ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಯೋಜನೆಯ ಮುಂದಾಳಾಗಿ ಅವರು ದುಡಿದರು. ಮುದ್ದೇಬಿಹಾಳ ಸೀಮೆಯ ತಾಳಿಕೋಟೆಯ ಹೆಸರು ಹೇಳಿದರೆ ಇಂದಿಗೂ 1565ರ ರಕ್ಕಸಗಿ–ತಂಗಡಗಿ ಯುದ್ಧವನ್ನು ಹಿಂದೂ–ಮುಸ್ಲಿಂ ಲೆಕ್ಕದಲ್ಲಿ ತೀರಿಸಿಕೊಳ್ಳಬೇಕಾದ ಸಾಲವೆಂಬಂತೆ ಭಾಷಣ ಮಾಡುವವರಿದ್ದಾರೆ. ವಿಜಯನಗರದ ರಾಮರಾಯ ಅದಕ್ಕೆ ಕೆಲವೇ ವರ್ಷ ಮೊದಲು ಬಿಜಾಪುರದ ಆದಿಲ್‌ಶಾಹನ ಮಿತ್ರನಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ, ಅವನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು ಎಂಬುದು ಆ ಭಾಷಣಗಳಲ್ಲಿ ಬರುವುದಿಲ್ಲ. ಕನ್ನಡಕ್ಕೆ ಬಂದ ಆ ಸಂಪುಟಗಳು ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಓದಿಗೆ, ಚರ್ಚೆಗೆ ಒದಗಲಿ. ಸುಳ್ಳು ಇತಿಹಾಸ ತಲೆಗೇರುವ ಮೊದಲು ಹುಡುಗರ ಕೈಗೆ ಪುಸ್ತಕ ಕೊಡುವುದೂ ತಡೆಯ ಕೆಲಸವೇ.

ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿ ಇರುವ ನೆಲ ಇದು. ಕಲ್ಯಾಣದ ಕೊನೆಯ ದಿನಗಳ ಬಗ್ಗೆ ಕಥನಗಳು ಭಿನ್ನವಾಗಿವೆ. ಆದರೆ ಪರಂಪರೆ ನೆನಪಿಟ್ಟುಕೊಂಡಿರುವ ಕ್ರಮ ಹೀಗಿದೆ: ಹರಳಯ್ಯ–ಮಧುವರಸರಿಗೆ ಕ್ರೂರ ಶಿಕ್ಷೆಯಾಯಿತು, ರೊಚ್ಚಿಗೆದ್ದ ಕೆಲವರ ಕೈಯಲ್ಲಿ ಬಿಜ್ಜಳನ ಕೊಲೆಯಾಯಿತು, ಅಷ್ಟರಲ್ಲಿ ಬಸವಣ್ಣ ಕಲ್ಯಾಣ ತೊರೆದು ಕೂಡಲಸಂಗಮಕ್ಕೆ ಹೊರಟಿದ್ದರು, ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಚದುರಿದರು. ಅನ್ಯಾಯ ನಿಜವಾಗಿತ್ತು, ಸಿಟ್ಟೂ ನ್ಯಾಯವಾಗಿತ್ತು. ಆದರೂ ಖಡ್ಗ ಹೊರಬಂದ ಮೇಲೆ ಮಾತಿನ ಮೇಲೆ ಕಟ್ಟಿದ ಒಂದು ಸಮಾಜ ತನ್ನ ಊರನ್ನೇ ಕಳೆದುಕೊಂಡಿತು.

ಧರ್ಮದ ಹೆಸರಿನಲ್ಲಿ ಹಾರ ಹಿಡಿದು ನಿಲ್ಲುವ ಯುವಕರಿಗೆ ನಾನು ಹೇಳಬಯಸುವುದು ಇದನ್ನೇ. ಸರ್ಕಾರಕ್ಕೆ ಹೇಳಬೇಕಾದದ್ದು ಇನ್ನೂ ಸರಳ. ಕಾಡಿನಿಂದ ಬಂದವರಿಗೆ ತೆರೆದ ಬಾಗಿಲನ್ನು ಸಿಂದಗಿಯ ಹುಡುಗರಿಗೂ ಅದೇ ಷರತ್ತುಗಳ ಮೇಲೆ ತೆರೆಯಿರಿ. ಬಂದೂಕು ಹಿಡಿದವರನ್ನು ಮಾತಿನಿಂದ ಕರೆತರಬಹುದೆಂದು ನಂಬಿ ದುಡಿದವರಲ್ಲಿ ಗೌರಿ ಲಂಕೇಶ್ ಒಬ್ಬರು. ಅವರ ಹತ್ಯೆಯ ಆರೋಪ ಹೊತ್ತವರಿಗೂ ಆ ಬಾಗಿಲು ತೆರೆದಿರಬೇಕು ಎನ್ನುವುದು ಕಷ್ಟದ ಮಾತು. ಆದರೆ ನೀತಿ ಎಂದ ಮೇಲೆ ಅದು ನಮಗೆ ಪ್ರಿಯರಾದವರಿಗಷ್ಟೇ ಅನ್ವಯವಾಗುವಂತಿರಬಾರದು.